ಏರಿಯ ಮೇಲೆ ಕೇಳಿದ ಪ್ರಶ್ನೆ

"ಅಜ್ಜಾರ, ಒಮ್ಮೆ ತಪ್ಪು ಮಾಡಿ ಶಿಕ್ಷೆ ಉಂಡಾವ ಬ್ಯಾರೆ ನಾಡಿನ ಪ್ರಜಾ ಆಗಬೇಕಂದ್ರ, ಮಾಡಿದ್ದನ್ನ ಹೇಳಬೇಕೋ, ಮುಚ್ಚಿಡಬೇಕೋ?"

ಕೇಳಿದವನು ಚನ್ನವೀರ. ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಬೇಕರಿಯ ವ್ಯಾನು ಓಡಿಸುವವನು. ರಜೆಗೆಂದು ಬಂದವನು ನೇರವಾಗಿ ಮಠಕ್ಕೆ ಬಂದಿದ್ದ. ಆ ಮಠದ ಸ್ವಾಮಿಗಳನ್ನು ಸುತ್ತಲಿನ ಜನ ಅಜ್ಜಾರು ಎಂದೇ ಕರೆಯುತ್ತಾರೆ. ಅಜ್ಜಾರು ಕಟ್ಟೆಯ ಮೇಲೆ ಕುಳಿತು ತೊಗರಿಕಾಯಿ ಸುಲಿಯುತ್ತಿದ್ದರು. ಚನ್ನವೀರನ ಮುಂದೆಯೂ ಒಂದು ಹಿಡಿ ಹಾಕಿದರು.

"ಏನು ತಪ್ಪು?"

ಚನ್ನವೀರ ಹೇಳಿದ. ಆ ನಾಡಿಗೆ ಹೋದ ಹೊಸದರಲ್ಲಿ ಒಂದು ಸಂಜೆ ಕುಡಿದು ವ್ಯಾನು ಓಡಿಸಿದ್ದ. ಸೈಕಲ್ಲಿನ ಮೇಲೆ ಹೋಗುತ್ತಿದ್ದವನೊಬ್ಬನಿಗೆ ವ್ಯಾನು ಬಡಿದು ಅವನ ಭುಜದ ಮೂಳೆ ಮುರಿದಿತ್ತು. ಕೋರ್ಟು ಶಿಕ್ಷೆ ಕೊಟ್ಟಿತು, ಲೈಸೆನ್ಸು ಕಿತ್ತುಕೊಂಡಿತು. ಎಲ್ಲವನ್ನೂ ಅನುಭವಿಸಿ ಮುಗಿಸಿದ. ಯಾವ ರಸ್ತೆ, ಯಾವ ಕೋರ್ಟು, ವಕೀಲ ಯಾರು ಎಂಬುದನ್ನೆಲ್ಲ ಬಿಡದೆ ವರದಿ ಒಪ್ಪಿಸಿದ. ಈಗ ಹೆಂಡತಿ ಮತ್ತು ಮಗಳು ಆ ನಾಡಿನ ಪ್ರಜೆಗಳಾಗಿದ್ದಾರೆ. ಇವನೊಬ್ಬ ಉಳಿದಿದ್ದಾನೆ.

"ವಿಮಾನ ಇಳಿದು ಪಾಸ್‌ಪೋರ್ಟ್ ತೋರಿಸುವಾಗ ಅವರದೊಂದು ಸಾಲು, ನಂದೊಂದು ಸಾಲು ಆಗ್ತೈತ್ರಿ. ಮಗಳು ಹೊರಳಿ ಹೊರಳಿ ನೋಡ್ತಾಳ. ಅರ್ಜಿಯೊಳಗ ಶಿಕ್ಷೆ ಆಗೇತೇನು ಅಂತ ಕೇಳ್ತಾರ. ವಕೀಲ ಬರಿ ಅಂತಾನ. ಗೆಳೆಯರು ಹಳೇದು ಬಿಡು, ಇಲ್ಲ ಅಂತ ಬರಿ ಅಂತಾರ. ಮ್ಯಾಲೆ ನನ್ನ ಗುರ್ತು ಇದ್ದ ಇಬ್ಬರು ಸಹಿ ಹಾಕಬೇಕ್ರಿ. ಈ ಸಂಗತಿ ಗೊತ್ತಿಲ್ಲದ ಇಬ್ಬರನ್ನ ನೋಡಿಟ್ಟೇನಿ."

ಅಜ್ಜಾರು ನಕ್ಕರು. "ಭಾಳ ಶಾಣ್ಯಾ ಅದಿ ಬಿಡು. ಕಾಯಿ ಸುಲಿ, ಒಂದು ಕತಿ ಹೇಳ್ತೀನಿ" ಎಂದು ಶುರುಮಾಡಿದರು.

ಒಂದು ಊರಿತ್ತು. ಊರಿಗೆ ಒಂದು ದೊಡ್ಡ ಕೆರೆ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಊರವರೆಲ್ಲ ಸೇರಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಕೆರೆಯ ಏರಿಗೆ ಹಾಕುತ್ತಿದ್ದರು. ಗೌಡನಿಗೂ ಬುಟ್ಟಿ, ಅಗಸನಿಗೂ ಬುಟ್ಟಿ. ಹೊರಗಿನಿಂದ ಬಂದು ನೆಲೆಸಿದವರಿಗೆ ಮಾತ್ರ ಬುಟ್ಟಿಯಿಲ್ಲ. ಅವರು ದುಡಿಯಬಹುದು, ಮನೆ ಕಟ್ಟಿಕೊಳ್ಳಬಹುದು, ಆ ಊರಿನವರನ್ನೇ ಮದುವೆಯಾಗಬಹುದು. ಏರಿಗೆ ಮಣ್ಣು ಹಾಕುವಂತಿಲ್ಲ.

ಮಣ್ಣು ಹೊರುವ ಕೆಲಸ ತಪ್ಪಿತೆಂದರೆ ನಮ್ಮಂಥ ಮೈಗಳ್ಳರು ಹಬ್ಬ ಮಾಡುತ್ತೇವೆ. ಅಲ್ಲಿ ಜನ ಆ ಬುಟ್ಟಿಗಾಗಿ ಹಂಬಲಿಸುತ್ತಿದ್ದರು. ಯಾಕೆಂದರೆ ಕೆರೆಯ ನೀರು ತಳ ಕಂಡ ವರ್ಷ, ಬುಟ್ಟಿಯಿಲ್ಲದವರು ಮಳೆ ಬೀಳುವ ತನಕ ಊರು ಬಿಟ್ಟು ಹೋಗಬೇಕಿತ್ತು.

ಆ ಊರಿನಲ್ಲಿ ಒಬ್ಬ ಗಾಡಿಯವನಿದ್ದ. ಹೊರಗಿನವನು. ಅದೇ ಊರಿನ ಹೆಣ್ಣನ್ನು ಮದುವೆಯಾಗಿದ್ದ, ಒಂದು ಮಗುವಿತ್ತು. ಹಿಂದಿನ ವರ್ಷ ನೀರು ಇಳಿದಾಗ ಹೆಂಡತಿ ಮಗುವನ್ನು ಅಲ್ಲೇ ಬಿಟ್ಟು, ಎತ್ತು ಹೊಡೆದುಕೊಂಡು ಒಬ್ಬನೇ ಹೋಗಿದ್ದ. ತಿರುಗಿ ಬಂದಾಗ ಮಗು ಅವನನ್ನು ನೋಡಿ ಅಳುತ್ತಾ ತಾಯಿಯ ಸೆರಗು ಹಿಡಿಯಿತು. ಈ ವರ್ಷ ಬುಟ್ಟಿ ಕೇಳಿಯೇ ತೀರಬೇಕೆಂದು ನಿರ್ಧರಿಸಿದ.

ಬುಟ್ಟಿ ಕೇಳಲು ಒಂದು ಪದ್ಧತಿಯಿತ್ತು. ಮಣ್ಣು ಹಾಕುವ ಹಿಂದಿನ ದಿನ, ಊರಿನವರಾದ ಇಬ್ಬರನ್ನು ಕರೆದುಕೊಂಡು ಏರಿ ಹತ್ತಬೇಕು. ಗೌಡ ಆ ಇಬ್ಬರಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆ ಯಾವುದು ಎಂಬುದು ಹಿಂದೆ ಏರಿಯ ಮೇಲೆ ನಿಂತು ಕೇಳಿಸಿಕೊಂಡವರಿಗಷ್ಟೇ ಗೊತ್ತಿತ್ತು. ಅವರು ಸತ್ತರೂ ಬಾಯಿ ಬಿಡುತ್ತಿರಲಿಲ್ಲ.

ಗಾಡಿಯವನಿಗೆ ಒಂದು ಅಳುಕಿತ್ತು. ಊರಿಗೆ ಬಂದ ಮೊದಲ ವರ್ಷ ಅವನು ಕುಡಿದು ಸಂತೆಯೊಳಗೆ ಗಾಡಿ ನುಗ್ಗಿಸಿದ್ದ. ಒಬ್ಬ ಬಳೆಗಾರ್ತಿಯ ಕಾಲ ಮೇಲೆ ಚಕ್ರ ಹರಿದಿತ್ತು. ಗೌಡ ಅವನನ್ನು ಚಾವಡಿಯಲ್ಲಿ ಕೂಡಿಹಾಕಿದ, ಒಂದು ವರ್ಷ ಗಾಡಿ ಹೂಡಬಾರದೆಂದು ಹೇಳಿದ. ಅವನು ಎರಡನ್ನೂ ತುಟಿಪಿಟಕ್ಕೆನ್ನದೆ ಅನುಭವಿಸಿದ. ಬಳೆಗಾರ್ತಿಯ ಕಾಲು ಕೂಡಿತು, ನೆಟ್ಟಗಾಗಲಿಲ್ಲ. ಬಳೆಯ ಮಲಾರ ಹೊತ್ತು ಸುತ್ತಲಿನ ಹಳ್ಳಿಗಳಿಗೆ ನಡೆಯುತ್ತಿದ್ದವಳು ಮನೆಯ ಹೊಸ್ತಿಲಲ್ಲಿ ಕುಳಿತಳು.

ವರ್ಷ ಕಳೆದು ಗಾಡಿ ಹೂಡಿದ ಮೊದಲ ದಿನ ಅವನು ಆ ಹೊಸ್ತಿಲ ಮುಂದೆ ಹಾದುಹೋದ. ಮುಂದಿನ ಸಂತೆಯ ದಿನ ಅಲ್ಲೇ ಗಾಡಿ ನಿಲ್ಲಿಸಿದ. ಕೆಳಗಿಳಿದು ಕೈ ಚಾಚಿದ. ಬಳೆಗಾರ್ತಿ ಹತ್ತಿ ಕುಳಿತಳು. ಕುಳಿತದ್ದು ಅವನನ್ನು ಬೈಯುವುದಕ್ಕೆ. ಹೋಗುವಾಗಲೂ ಬೈದಳು, ಬರುವಾಗಲೂ ಬೈದಳು. ಮರುವಾರ ಅವನು ಮತ್ತೆ ನಿಲ್ಲಿಸಿದ, ಇವಳು ಮತ್ತೆ ಹತ್ತಿದಳು. ಬಹಳ ದಿನ ಹಾಗೇ ನಡೆಯಿತು. ಒಂದು ಸಂತೆಯ ದಿನ ಅವನನ್ನು ಬೈಯುವುದನ್ನು ಬಿಟ್ಟು ದಾರಿಯುದ್ದಕ್ಕೂ ತನ್ನ ಸೊಸೆಯನ್ನು ಬೈದಳು. ಅವನು ಹೂಂಗುಟ್ಟುತ್ತಾ ಗಾಡಿ ಹೊಡೆದ.

ಇಷ್ಟಾದರೂ ಅವನು ಅವಳ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಅವಳ ಮನಸ್ಸಿನಲ್ಲಿ ಕಹಿ ಹಾಗೇ ಇರಬೇಕೆಂದೇ ತಿಳಿದಿದ್ದ.

ಹೀಗಾಗಿ ಅವನು ತನ್ನ ಜೊತೆ ಏರಿ ಹತ್ತಲು ಎಂಥವರನ್ನು ಹುಡುಕಿದ? ಸಂತೆಯ ಸಂಗತಿ ಗೊತ್ತಿಲ್ಲದವರನ್ನು. ಹುಡುಕಿದರೆ ಅಂಥವರೂ ಸಿಗುತ್ತಾರೆ. ಒಬ್ಬ ಜವಳಿ ವ್ಯಾಪಾರಿ, ಆ ವರ್ಷವೆಲ್ಲ ವ್ಯಾಪಾರಕ್ಕೆಂದು ಪರಸ್ಥಳದಲ್ಲಿದ್ದವನು. ಒಬ್ಬ ವೈದ್ಯ, ಓದು ಮುಗಿಸಿ ಊರಿಗೆ ಮರಳಿ ಸ್ವಲ್ಪ ಕಾಲವಾಗಿತ್ತು. ಇಬ್ಬರೂ ದೊಡ್ಡ ಮನುಷ್ಯರು. ಇಬ್ಬರೂ ಸಂತೋಷದಿಂದ ಬಂದರು.

ಮೂವರೂ ಏರಿ ಹತ್ತಿದರು. ಊರೆಲ್ಲ ಸೇರಿತ್ತು. ಕೆಳಗೆ ಗಾಡಿಯವನ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಗೌಡ ಆ ಇಬ್ಬರನ್ನು ಕೇಳಿದ:

"ಇವನ ತಪ್ಪೇನು, ಹೇಳ್ರಿ."

ವ್ಯಾಪಾರಿ ನಕ್ಕ. "ತಪ್ಪೇನ್ರಿ ಗೌಡ್ರ? ಬಂಗಾರದಂಥಾ ಮನುಷ್ಯಾ." ವೈದ್ಯನೂ ತಲೆಯಾಡಿಸಿದ.

"ಹಂಗಂದ್ರ ನಿಮಗ ಇವನ ಗುರ್ತಿಲ್ಲ" ಎಂದ ಗೌಡ. ಇಬ್ಬರನ್ನೂ ಕೆಳಗೆ ಕಳಿಸಿದ.

ಗೌಡನಿಗೆ ಆ ತಪ್ಪು ಗೊತ್ತಿರಲಿಲ್ಲವೇ? ಚಾವಡಿಯಲ್ಲಿ ಕೂಡಿಹಾಕಿದವನೇ ಅವನು. ಗೊತ್ತಿದ್ದೇ ಕೇಳುವ ಪ್ರಶ್ನೆ ಅದು.

ಗಾಡಿಯವ ಏರಿಯ ಮೇಲೆ ಒಬ್ಬನೇ ಉಳಿದ. ಬುಟ್ಟಿ ಕೈ ತಪ್ಪಿತು ಎಂದುಕೊಂಡ. ಕೆಳಗೆ ನಿಂತ ಹೆಂಡತಿಯತ್ತ ನೋಡುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಬಳೆಗಾರ್ತಿ ಕುಂಟುತ್ತಾ ಏರಿಯ ಕಡೆಗೆ ಬರುತ್ತಿದ್ದಳು. ಇವಳು ಎಲ್ಲವನ್ನೂ ಹೇಳಿ ನನ್ನ ಕತೆ ಮುಗಿಸುತ್ತಾಳೆ ಎಂದುಕೊಂಡ ಗಾಡಿಯವ.

ಏರಿ ಕಡಿದಾಗಿತ್ತು. ಅವಳ ಕಾಲು ಜಾರಿತು. ಗಾಡಿಯವ ಹಿಂದುಮುಂದು ಯೋಚಿಸದೆ ದಡಬಡ ಕೆಳಗಿಳಿದು ಕೈ ಚಾಚಿದ. ಪ್ರತಿ ಸಂತೆಗೂ ಗಾಡಿ ಹತ್ತಿಸಿಕೊಳ್ಳುತ್ತಿದ್ದ ಕೈ, ಅದಕ್ಕೆ ಬೇರೆ ಏನು ಗೊತ್ತು? ಅವಳು ಆ ಕೈ ಹಿಡಿದು ಮೇಲೆ ಬಂದಳು.

"ಗೌಡ್ರ, ಈ ಕಾಲು ಮುರದಾವ ಇವನೇ" ಎಂದಳು. "ಶಿಕ್ಷೆ ಮುಗಿಸಿ ಗಾಡಿ ಹೂಡಿದಂದಿನಿಂದ ಇಂದಿನ ತನಕ ಇವನ ಗಾಡ್ಯಾಗ ಅಡ್ಡಾಡೀನಿ. ನಾ ಬೈದದ್ದನ್ನೆಲ್ಲಾ ಉಂಡಾನ, ಊರಾಗ ಇದ್ದಾಗ ಒಂದು ದಿನಾ ಗಾಡಿ ನಿಲ್ಲಿಸೂದು ತಪ್ಪಿಸಿಲ್ಲ. ಇವನ ಗುರ್ತು ನನಗಿಂತ ಹೆಚ್ಚು ಯಾರಿಗೈತಿ?"

"ಖರೆ. ಆದ್ರ ಇಬ್ಬರು ಬೇಕಲ್ಲಬೇ" ಎಂದ ಗೌಡ.

"ಇನ್ನೊಬ್ಬಾವ ಅಲ್ಲೇ ನಿಂತಾನಲ್ಲ. ಅವನನ್ನೇ ಕೇಳ್ರಿ."

ಗೌಡ ಗಾಡಿಯವನ ಕಡೆ ತಿರುಗಿದ. ಗಾಡಿಯವ ಮೊದಲ ಸಲ ಬಳೆಗಾರ್ತಿಯ ಮುಖವನ್ನು ನೋಡಿದ. ಅಲ್ಲಿ ಅವನು ಹೆದರಿದ್ದ ಕಹಿ ಇರಲಿಲ್ಲ.

"ಕುಡಿದು ಗಾಡಿ ಹೊಡದೆ, ಈ ಅವ್ವನ ಕಾಲು ಮುರದೆ" ಎಂದ. "ಇವತ್ತ ಅದನ್ನ ಮುಚ್ಚಾಕ ನೋಡಿದೆ. ಅದೂ ತಪ್ಪ."

ಗೌಡ ಒಂದು ಹೊಸ ಬುಟ್ಟಿಯನ್ನು ತೆಗೆದು ಅವನ ಕೈಗೆ ಕೊಟ್ಟ.

ಮರುದಿನ ಗಾಡಿಯವ ಊರವರ ಜೊತೆ ಮಣ್ಣು ಹೊತ್ತ. ಬಳೆಗಾರ್ತಿ ಮರದ ನೆರಳಿನಲ್ಲಿ ಕುಳಿತು, ಬುಟ್ಟಿ ತುಂಬ ತುಂಬು, ಮೈಗಳ್ಳತನ ಮಾಡಬ್ಯಾಡ ಎಂದು ಕೂಗುತ್ತಿದ್ದಳು. ಅವನ ಮಗು ಅವಳ ತೊಡೆಯ ಮೇಲೆ ಕುಳಿತು ಬಳೆಗಳನ್ನು ಎಳೆದಾಡುತ್ತಿತ್ತು. ಬೆವರು ಸುರಿಸುತ್ತಾ, ಬೈಸಿಕೊಳ್ಳುತ್ತಾ, ಅಷ್ಟು ಸುಖವಾದ ದಿನವನ್ನು ಅವನು ಕಂಡಿರಲಿಲ್ಲ.

ಅಜ್ಜಾರು ಕತೆ ಮುಗಿಸಿದರು. ಚನ್ನವೀರನ ಮುಖ ಅರಳಿತ್ತು.

"ತಿಳೀತ್ರಿ ಅಜ್ಜಾರ. ಮುಚ್ಚೂದಿಲ್ಲ, ಇದ್ದದ್ದನ್ನ ಇದ್ದಂಗ ಬರೀತೀನಿ. ತಾರೀಕು, ಕೋರ್ಟು, ಶಿಕ್ಷೆ, ಒಂದೂ ಬಿಡೂದಿಲ್ಲ. ನ್ಯಾಯಾಧೀಶರ ಹೆಸರು ಸೈತ ನೆನಪೈತ್ರಿ."

"ಛಲೋ ಆತು, ಬರಿ" ಎಂದರು ಅಜ್ಜಾರು. ಸಿಪ್ಪೆಗಳನ್ನು ಒಂದು ಬದಿಗೆ ಗೋರಿದರು. ಚನ್ನವೀರ ಮತ್ತೊಂದು ಕಾಯಿ ಎತ್ತಿಕೊಂಡ.

"ತಮ್ಮಾ, ಸೈಕಲ್ ಮ್ಯಾಲಿದ್ದಾವನ ಹೆಸರೇನು?"

ಚನ್ನವೀರನ ಕೈಯಲ್ಲಿ ಕಾಯಿ ಹಾಗೇ ಉಳಿಯಿತು.