ಸಂಕವ್ವನ ಮಂಡಿಗೆ ರಾಜಪಥ್ಯ

"ನನ್ನ ಮದ್ದಿಗೆ ಅರಸ, ಆಳು ಎಂಬ ಭೇದವಿಲ್ಲ. ಸಂಧಿವಾತ ಯಾರಿಗೆ ಬಂದರೂ ಸಂಧಿವಾತವೇ, ಮಂಡಿ ಯಾರದಾದರೂ ಮಂಡಿಯೇ!" ಎಂದು ಆಸ್ಥಾನವೈದ್ಯ ಕಾಳಿಂಗ ಪಂಡಿತರು ತುಂಬಿದ ಸಭೆಯಲ್ಲಿ ಸಾರಿದರು.

ಸಭೆ ತಲೆದೂಗಿತು. ಹೋದ ತಿಂಗಳು ಸಿಂಹಾಸನ ಹತ್ತಲಾರದೆ ನರಳುತ್ತಿದ್ದ ಅರಸ ಸಿಂಗಿರಾಯ ಈಗ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ನೀರಿನ ಸಂಕವ್ವನಿಗೂ ಇದೇ ಮದ್ದು, ಇದೇ ಪಥ್ಯ ಹೇಳಿದ್ದೆ," ಪಂಡಿತರು ನಿಟ್ಟುಸಿರುಬಿಟ್ಟರು. "ಅವಳ ಮಂಡಿ ಊದಿಕೊಂಡೇ ಇದೆ. ಪಥ್ಯ ಮಾಡಿದರೆ ತಾನೆ! ಈ ಜನಕ್ಕೆ ಹೇಳಿ ಪ್ರಯೋಜನವಿಲ್ಲ, ಪ್ರಭು."

ಕೆಳಗಿನ ಬಾವಿಯಿಂದ ಮೇಲಂತಸ್ತಿನ ಬಚ್ಚಲಿಗೆ ಅರಸನ ಜಳಕದ ನೀರು ಹೊರುವುದು ಸಂಕವ್ವನ ಮನೆತನದ ಹಕ್ಕು. ಬೇರೆ ಯಾರೂ ಆ ಕೊಡ ಮುಟ್ಟುವಂತಿಲ್ಲ. ನಡುವೆ ಮೆಟ್ಟಿಲ ಮೇಲೆ ಇಳಿಸಿ ಸುಧಾರಿಸಿಕೊಳ್ಳುವಂತೆಯೂ ಇಲ್ಲ, ನೀರು ಮೈಲಿಗೆಯಾಗುತ್ತದೆ. ಇಂಥ ಗೌರವ ಎಲ್ಲರಿಗೂ ಸಿಗುವುದಿಲ್ಲ.

ಅರಸ ಹೇಳಿಕಳಿಸಿದ. ಸಂಕವ್ವ ಗೋಡೆ ಹಿಡಿದುಕೊಂಡು ಸಭೆಗೆ ಬಂದಳು.

"ವೈದ್ಯರ ಮಾತು ಮೀರಿದೆಯಂತೆ?" ಅರಸ ಗದರಿದ.

"ಮೆಟ್ಟಿಲು ಹತ್ತಬೇಡ ಅಂದರು, ಬುದ್ಧಿ. ಕೊಡ ತಾನಾಗಿ ಹತ್ತಲಿಲ್ಲ."

"ಎದುರುತ್ತರ ಬೇರೆ! ಯುಗಾದಿಯೊಳಗೆ ಕಾಲು ನೆಟ್ಟಗಾಗದಿದ್ದರೆ ನಿನ್ನ ಹಕ್ಕು ಬೇರೆಯವರಿಗೆ. ಅರಮನೆ ಕೊಟ್ಟ ಮನೆಯನ್ನೂ ಖಾಲಿ ಮಾಡು."

ಆಗ ಎದ್ದವನು ಮಾದರಸ. ಅವನು ಮಂತ್ರಿಯಲ್ಲ, ಸೇನಾಪತಿಯೂ ಅಲ್ಲ. ಆಡುವ ಮಾತಿಗೆ ಸಂಬಳ ಪಡೆಯುತ್ತಿದ್ದ.

"ಇಷ್ಟು ಸಡಿಲ ಬಿಟ್ಟರೆ ಹೇಗೆ, ಪ್ರಭು? ಪಂಡಿತರ ಪಥ್ಯವನ್ನು ಒಂದಕ್ಷರ ಬಿಡದೆ ಪಾಲಿಸಲೇಬೇಕೆಂದು ಇವಳಿಗೆ ಆಜ್ಞೆ ಹೊರಡಿಸಿ. ಅಡ್ಡಿಬಂದವರಿಗೆ ಸೆರೆಮನೆ ಅಂತಲೂ ಸೇರಿಸಿ."

ಸಂಕವ್ವ ಅವನನ್ನು ಸುಟ್ಟುಬಿಡುವಂತೆ ನೋಡಿದಳು. ಪಂಡಿತರಿಗೆ ಪರಮಾನಂದವಾಯಿತು. ಅರಸ ಮುದ್ರೆ ಒತ್ತಿದ.

ಮರುದಿನ ಬೆಳಗ್ಗೆ ಬಚ್ಚಲ ಹಂಡೆ ಒಣಗಿತ್ತು.

"ನೀರೆಲ್ಲಿ?"

"ಸಂಕವ್ವ ಮಲಗಿದ್ದಾಳೆ," ಎಂದ ಮಾದರಸ. "ಭಾರ ಹೊರಬಾರದಲ್ಲ, ಪಥ್ಯ."

"ಬೇರೆ ಯಾರಾದರೂ ತರಲಿ!"

"ಮುಟ್ಟಬಾರದು ಪ್ರಭು, ಮೈಲಿಗೆ."

"ಹಾಳಾಗಲಿ. ಎಣ್ಣೆ ತಿಕ್ಕುವ ದಾಸಿಯರನ್ನು ಕರೆ."

"ಸಂಕವ್ವನ ಮನೆಗೆ ಹೋದರು. ಬೆಳಗ್ಗೆ ಸಂಜೆ ಇಬ್ಬರು ಮಂಡಿ ತಿಕ್ಕಬೇಕಂತೆ. ವಿಚಾರಿಸಿದೆ, ಅವಳಿಗೆ ಸ್ವಂತ ದಾಸಿಯರಿಲ್ಲ."

"ಪಲ್ಲಕ್ಕಿ ತರಿಸು! ನಾನೇ ಬಾವಿಗೆ ಹೋಗುತ್ತೇನೆ."

"ಪಲ್ಲಕ್ಕಿಯೂ ಅಲ್ಲೇ ಇದೆ. ನಡೆಯಬಾರದಲ್ಲ. ಈಗಷ್ಟೇ ಅದರಲ್ಲಿ ಹಿತ್ತಲಿಗೆ ಹೋಗಿಬಂದು ಮಲಗಿದಳು."

"ಎಲ್ಲರನ್ನೂ ಹಿಂದಕ್ಕೆ ಕರೆಸು!" ಅರಸ ಕಿರುಚಿದ.

"ಅಡ್ಡಿಬಂದವರಿಗೆ ಸೆರೆಮನೆ, ಪ್ರಭು. ಗಾಳಿ ಬೆಳಕು ಇರುವ ಕೋಣೆ ನೋಡಲೇ?"

ಅರಸ ಜಳಕಕ್ಕೆ ತಾನೇ ಮೆಟ್ಟಿಲಿಳಿದು ಬಾವಿಗೆ ಹೊರಟ. ಕೊಟ್ಟ ಮಾತು ತಪ್ಪದ ವಂಶ ಎಂದು ಹೊಗಳುಭಟರು ದಿನವೂ ಕೂಗುತ್ತಿದ್ದರು.

ದಿನವೂ ಹೀಗೇ ಇಳಿದು ಹತ್ತಿ ಕೆಲವು ವಾರ ಕಳೆದವು. ಒಂದು ಬೆಳಗ್ಗೆ ಸಿಂಗಿರಾಯ ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ "ಅಯ್ಯೋ" ಎನ್ನುತ್ತ ಬಾವಿಗೆ ಇಳಿದು ಬಂದ. ಅಲ್ಲಿ ಸಂಕವ್ವ ಯಾವ ಆಸರೆಯೂ ಇಲ್ಲದೆ ನಿಂತಿದ್ದಳು. ಮುಖದಲ್ಲಿ ಕಳೆಯೂ ಬಂದಿತ್ತು.

"ನೋಡಿದಿರಾ ನನ್ನ ಮದ್ದಿನ ಗುಣ!" ಎಂದರು ಮಾದರಸನೊಡನೆ ಹಿಂದೆಯೇ ಬಂದಿದ್ದ ಪಂಡಿತರು.

"ನಾನೂ ಅದೇ ಮದ್ದು ಕುಡಿಯುತ್ತಿದ್ದೇನಲ್ಲ?" ಅರಸ ತನ್ನ ಊದಿದ ಮಂಡಿ ತೋರಿಸಿದ. "ಇದಕ್ಕೇನಾಯಿತು?"

ಪಂಡಿತರು ಬಾವಿಯ ಆಳ ಪರೀಕ್ಷಿಸತೊಡಗಿದರು.

"ನೀನಾದರೂ ಹೇಳಯ್ಯಾ, ಮಾದರಸ."

"ಪಂಡಿತರದು ಸಣ್ಣ ತಪ್ಪು, ಪ್ರಭು. ನಿಮ್ಮ ನೋವು ಇಳಿಸಿದ ಮದ್ದಿನ ಹೆಸರು ಅವರಿಗೆ ಗೊತ್ತಿರಲಿಲ್ಲ. ಅದರ ಹೆಸರು ಸಂಕವ್ವ."

ಅರಸ ಮೊದಲು ಕೆಂಪಾದ, ಆಮೇಲೆ ನಕ್ಕ.

"ಹಕ್ಕೂ ಮನೆಯೂ ಅವಳಿಗೇ ಇರಲಿ. ಬಚ್ಚಲನ್ನು ಇಲ್ಲೇ ಬಾವಿಯ ಪಕ್ಕ ಕಟ್ಟಿಸು. ಆದರೆ ದಿನವೂ ನಾನು ಇಷ್ಟು ಮೆಟ್ಟಿಲು ಇಳಿಯುವುದು ಹೇಗೆ?"

"ಮಲಗುವ ಮನೆಯನ್ನೂ ಕೆಳಗಿಳಿಸೋಣ, ಪ್ರಭು. ಅರಮನೆಗೆ ಮಂಡಿನೋವಿಲ್ಲ."