ಓದದೆ ಮೆಚ್ಚಿದ ಪದ್ಯ

ಎರಡು ಸಾವಿರದ ಇಪ್ಪತ್ತೆರಡು, ಮಾರ್ಚ್ ಹದಿನಾಲ್ಕು, ಸೋಮವಾರ. ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಬಲಿತಿತ್ತು. ಗಾಳಿ ಇರಲಿಲ್ಲ, ಮೋಡವೂ ಇರಲಿಲ್ಲ.

ಮಲಪ್ರಭೆಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿ ನಿರುಪಾಧಿ ಅಜ್ಜ ಹಳೆಯ ಕಾವ್ಯಗಳನ್ನು ಓದಿಸುತ್ತಿದ್ದರು. ಅವರ ಬಳಿ ಓದಲು ಬಂದ ಅಡಿವೆಪ್ಪನಿಗೆ ಅದು ಎರಡನೆಯ ವರ್ಷ.

ಅಡಿವೆಪ್ಪ ತಾನೂ ಪದ್ಯ ಬರೆಯುತ್ತಿದ್ದ. ಬರೆದದ್ದನ್ನು ಫೇಸ್‌ಬುಕ್ಕಿನ ಒಂದು ಕವಿಬಳಗಕ್ಕೆ ಹಾಕುತ್ತಿದ್ದ. ಬಳಗದಲ್ಲಿ ಮಾಸ್ತರರಿದ್ದರು, ಗೃಹಿಣಿಯರಿದ್ದರು, ಬ್ಯಾಂಕಿನವರಿದ್ದರು. ಒಂದು ಪುಸ್ತಕವೂ ಅಚ್ಚಾಗದ, ಆದರೆ ಬರೆಯದೆ ಇರಲಾರದ ಜನ. ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ನಡೆಸಿಕೊಂಡು ಬಂದ ರೂಢಿ ಒಂದಿತ್ತು. ನೀನು ನನ್ನ ಪದ್ಯ ಮೆಚ್ಚಿದರೆ ನಾನು ನಿನ್ನದನ್ನು ಮೆಚ್ಚುತ್ತೇನೆ.

ಅದಕ್ಕೆಂದೇ ಅಡಿವೆಪ್ಪ ಒಂದು ಮಾತನ್ನು ಫೋನಿನಲ್ಲಿ ಸಿದ್ಧ ಇಟ್ಟುಕೊಂಡಿದ್ದ. "ಅದ್ಭುತ ಸಾಲುಗಳು. ಮನಸ್ಸು ತುಂಬಿ ಬಂತು. ಹೀಗೇ ಮುಂದುವರಿಯಿರಿ." ಕೊನೆಗೆ ಮೂರು ಗುಲಾಬಿ. ಬೆರಳು ಒತ್ತಿದರೆ ಪದ್ಯದ ಕೆಳಗೆ ಹೋಗಿ ಕೂತುಬಿಡುತ್ತಿತ್ತು.

ಅವತ್ತು ಹೊಳೆಯ ಮೆಟ್ಟಿಲ ಮೇಲೆ ಕೂತು ಅದೇ ಕೆಲಸ ಮಾಡುತ್ತಿದ್ದ. ಸ್ನಾನ ಮುಗಿಸಿ ಮೇಲೆ ಬಂದ ಅಜ್ಜ ನಿಂತು ನೋಡಿದರು.

"ಏನು ಮಾಡಾಕತ್ತಿ?"

"ಪದ್ಯ ಓದಾಕತ್ತೀನ್ರಿ, ಅಜ್ಜಾರ."

"ಕಣ್ಣಿಗಿಂತ ನಿನ್ನ ಬೆರಳು ಜೋರ ಓದತೈತಲ್ಲ."

ಅಡಿವೆಪ್ಪ ನಕ್ಕ. "ದಿನಾ ಭಾಳ ಬರತಾವ್ರಿ. ಎಲ್ಲಾರಿಗೂ ಒಂದು ಒಳ್ಳೆ ಮಾತು ಹೇಳಬೇಕಲ್ರಿ."

"ಹೇಳಬೇಕು. ಈಗ ಯಾರಿಗೆ ಹೇಳಿದಿ?"

"ಒಂಟಿದೀಪ ಅಂತ ಹೆಸರಿಟ್ಟುಕೊಂಡು ಒಬ್ಬರು ಬರೀತಾರ್ರಿ. ಅವರಿಗೆ."

"ಓದು. ನಾನೂ ಕೇಳತೀನಿ."

ಅಡಿವೆಪ್ಪ ಗಂಟಲು ಸರಿಮಾಡಿಕೊಂಡು ಓದಿದ.

"ಕೆಂಪು ದೀಪ ಆರಿಸಿದ್ದೇನೆ,
ಷಟರನ್ನು ಒಳಗಿನಿಂದ ಎಳೆದಿದ್ದೇನೆ.
ಊರಿನ ಮದುವೆಗಳೆಲ್ಲ ನನ್ನ ಡಬ್ಬಿಗಳಲ್ಲಿ ತಣ್ಣಗೆ ಮಲಗಿವೆ.
ಕಣ್ಣು ಮುಚ್ಚಬೇಡಿ ಎಂದು ಎಲ್ಲರಿಗೂ ಹೇಳಿದವನು
ಇವತ್ತು ತನಗೆ ಹೇಳಿಕೊಳ್ಳುವುದಿಲ್ಲ."

ಇಲ್ಲಿಗೆ ಬರುವಷ್ಟರಲ್ಲಿ ಅವನ ದನಿ ತಾನಾಗಿ ಸಣ್ಣದಾಗಿತ್ತು. ಕೊನೆಯ ಸಾಲನ್ನು ಪಿಸುಮಾತಿನಂತೆ ಓದಿದ.

"ಕ್ಯಾಮೆರಾದ ಹಿಂದೆ ನಿಂತವನನ್ನು ಯಾರೂ ನೋಡಲಿಲ್ಲ."

ಹೊಳೆಯ ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ಇದರ ಕೆಳಗ ನೀ ಏನು ಬರದಿ?" ಎಂದರು ಅಜ್ಜ.

ಅಡಿವೆಪ್ಪ ಫೋನನ್ನು ಮಗುಚಿ ತೊಡೆಯ ಮೇಲಿಟ್ಟ.

"ಹೇಳು."

"ಹೀಗೇ ಮುಂದುವರಿಯಿರಿ ಅಂತ."

ಅಜ್ಜ ಮೆಟ್ಟಿಲ ಮೇಲೆ ಕೂತರು. "ಬ್ಯಾರೆಯವರು?"

ಅಡಿವೆಪ್ಪ ಕೆಳಗೆ ಸರಿಸಿ ನೋಡಿದ. ಸೊಗಸಾದ ಭಾವ. ಕೊನೆಯ ಸಾಲು ಸೂಪರ್. ಅಭಿನಂದನೆಗಳು ಸರ್. ಮುಗಿದ ಕೈಗಳು, ಚಪ್ಪಾಳೆಗಳು. ಪದ್ಯ ಹಾಕಿ ಒಂದು ತಾಸು ಆಗಿತ್ತು. ಸಾಯಲು ಹೊರಟವನ ಮಾತು ಅದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಅವನು ಒಂಟಿದೀಪಕ್ಕೆ ಸಂದೇಶ ಕಳಿಸಿದ. ತೆರೆದು ನೋಡಿದ ಗುರುತು ಬೀಳಲಿಲ್ಲ. ಬಳಗ ನಡೆಸುವವರಿಗೆ ಫೋನು ಮಾಡಿದ. ಅವರಿಗೆ ಆ ಮನುಷ್ಯನ ಹೆಸರೇ ಗೊತ್ತಿರಲಿಲ್ಲ.

"ಅಜ್ಜಾರ, ಯಾವ ಊರವರೋ ಏನೋ. ಹೆಂಗ ಹುಡುಕೂದ್ರಿ?"

"ಅವರ ಪದ್ಯಕ್ಕ ನೀ ಇದ ಮೊದಲನೇ ಸಲ ಬರದೀಯೇನು?"

"ಇಲ್ರಿ. ಎಲ್ಲಾದಕ್ಕೂ ಬರದೀನ್ರಿ. ಒಂದೂವರೆ ವರ್ಷದಿಂದ."

"ಹಂಗಾರ ಅವರ ಊರು ನಿನಗ ಗೊತ್ತಿರಬೇಕಲ್ಲ."

ಅಡಿವೆಪ್ಪ ತಲೆ ತಗ್ಗಿಸಿದ.

"ತಲಿ ಆಮ್ಯಾಲೆ ತಗ್ಗಸು. ಈಗ ಓದು."

ಅವನು ಓದತೊಡಗಿದ. ಇತ್ತೀಚಿನದರಿಂದ ಹಿಂದಕ್ಕೆ, ಒಂದೊಂದೇ ಪದ್ಯ. ಬಿಸಿಲಿಗೆ ಫೋನಿನ ಅಕ್ಷರ ಕಾಣದೆ ಹೆಗಲ ವಸ್ತ್ರವನ್ನು ತಲೆಯ ಮೇಲೆ ಎಳೆದುಕೊಂಡ. ಹೆಚ್ಚಿನವು ಸಾಧಾರಣ ಪದ್ಯಗಳು. ಚಂದ್ರ, ಕಣ್ಣೀರು, ದೇಶಭಕ್ತಿ. ನಡುನಡುವೆ ಆ ಮನುಷ್ಯ ಇಣುಕುತ್ತಿದ್ದ. ಫೋಟೋ ಸ್ಟುಡಿಯೋ ಇದ್ದವನು, ಕತ್ತಲ ಕೋಣೆಯ ಕೆಂಪು ದೀಪದಲ್ಲಿ ಫೋಟೋ ತೊಳೆದವನು. ಪರದೆಯ ಮೇಲೆ ಬರೆಸಿದ ಜಲಪಾತದ ಮುಂದೆ ಊರಿನವರನ್ನೆಲ್ಲ ನಿಲ್ಲಿಸಿದವನು. ಎಲ್ಲರ ಕೈಗೂ ಫೋನು ಬಂದ ಮೇಲೆ ಸುಮ್ಮನೆ ಅಂಗಡಿ ತೆರೆದು ಕೂತವನು.

ಪ್ರತಿಯೊಂದರ ಕೆಳಗೂ ಅಡಿವೆಪ್ಪನ ಮೂರು ಗುಲಾಬಿ ಇದ್ದವು. ತಾಯಿ ತೀರಿಕೊಂಡ ಪದ್ಯದ ಕೆಳಗೂ ಇದ್ದವು.

"ಅಜ್ಜಾರ, ಇದನ್ನ ಕೇಳ್ರಿ. ಅಂಗಡಿ ಮುಂದ ರೈಲ್ವೆ ಗೇಟು. ಒಂದು ಹಳಿ ಊರುಗಳ ಕಡೆ, ಒಂದು ಹಳಿ ಕಾಡಿನ ಕಡೆ. ನಾ ಎರಡನ್ನೂ ನೋಡತಾ ಕೂತೀನಿ ಅಂತ ಬರದಾರ."

"ಕಾಡಿನ ಕಡೆ," ಎಂದರು ಅಜ್ಜ. "ದಾಂಡೇಲಿ ಕಡೆ ಹೊಳ್ಳೂ ಹಳಿ. ಅಳ್ನಾವರ."

ಅಳ್ನಾವರದಲ್ಲಿ ಅಜ್ಜನ ಭಕ್ತರೊಬ್ಬರಿದ್ದರು, ಔಷಧಿ ಅಂಗಡಿಯ ದಾವಲಸಾಬ. ಅಜ್ಜ ತಮ್ಮ ಗುಂಡಿ ಫೋನು ತೆಗೆದು ಅವರಿಗೆ ಹಚ್ಚಿ, ರೈಲ್ವೆ ಗೇಟಿನ ಮುಂದೆ ಫೋಟೋ ಸ್ಟುಡಿಯೋ ಯಾರದು ಎಂದು ಕೇಳಿದರು.

"ಪತ್ತಾರ ಗಂಗಾಧರಪ್ಪರದೇನ್ರಿ?" ಎಂದಿತು ಅತ್ತ ದನಿ. "ಗೇಟಿನ ಹತ್ರದ ಸ್ಟುಡಿಯೋ. ಇವತ್ತ ಷಟರ್ ತಗದಿಲ್ರಿ ಅವರು. ಊರಾಗಿಲ್ಲ ಅನ್ಕೊಂಡಿದ್ನಿ."

"ಒಳಗ ಅದಾರ. ಅವರ ಮನಿಯವರನ್ನ ಕರಕೊಂಡು ಹೋಗು. ನಂಬರ್ ಕೊಡು ಮೊದಲ."

ಅಡಿವೆಪ್ಪ ನಂಬರು ಒತ್ತಿದ.

"ಏನಂತ ಮಾತಾಡ್ಲಿ, ಅಜ್ಜಾರ? ದುಡುಕಬ್ಯಾಡ್ರಿ ಅನ್ನಲೇನ್ರಿ?"

"ಅವರು ನಿನ್ನ ಮುಂದ ಇಟ್ಟದ್ದು ಏನು?"

"ಪದ್ಯ."

"ಹಂಗಾರ ಪದ್ಯದ ಮಾತು ಆಡು. ಬಾಗಿಲ ತಗಿಯೂ ತನಕ ಫೋನ್ ಇಡಬ್ಯಾಡ."

ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಬಹಳ ಹೊತ್ತು ರಿಂಗಾಯಿತು. ಆಮೇಲೆ ಒಂದು ಒಣ ದನಿ.

"ಯಾರು?"

"ನಾ ಅಡಿವೆಪ್ಪ ಅಂತ್ರಿ. ಬಳಗದಾಗ..."

"ಓಹೋ. ಮೂರು ಗುಲಾಬಿಯವರು." ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಹೇಳ್ರಿ. ಮುಂದುವರಿಯಿರಿ ಅಂದಿದ್ರಿ. ಮತ್ತೇನು?"

"ನಾ ಓದಿರಲಿಲ್ರಿ."

"ಏನಂದ್ರಿ?"

"ಇವತ್ತಿಂದು ಓದಿರಲಿಲ್ಲ. ಹಿಂದಿನವೂ ಓದಿರಲಿಲ್ಲ. ಒಂದನ್ನೂ ಓದದ ಬರದೀನ್ರಿ. ನೀವು ನನ್ನ ಪದ್ಯಕ್ಕ ಬರೀಲಿ ಅಂತ ಬರದೀನಿ."

ಫೋನು ಇಟ್ಟುಬಿಟ್ಟರೇನೋ ಎಂದು ಅಡಿವೆಪ್ಪ ಕಿವಿಗೆ ಒತ್ತಿ ಹಿಡಿದ. ಉಸಿರು ಕೇಳಿಸುತ್ತಿತ್ತು.

"ಇದನ್ನ ಹೇಳಾಕ ಫೋನ್ ಮಾಡಿದ್ರೇನು?"

"ಈಗ ಎಲ್ಲಾ ಓದೀನ್ರಿ. ಕೂತು ಓದೀನಿ."

"ಮತ್ತ?"

ಅಡಿವೆಪ್ಪ ಅಜ್ಜನ ಕಡೆ ನೋಡಿದ. ಅಜ್ಜ ಹೊಳೆಯ ಕಡೆ ನೋಡುತ್ತಿದ್ದರು.

"ಭಾಳ ಪದ್ಯ ಚಲೋ ಇಲ್ರಿ," ಎಂದ.

ಫೋನಿನಲ್ಲಿ ಕೆಮ್ಮಿನಂಥ ಸದ್ದು. ನಕ್ಕಿರಬೇಕು. "ನನಗೂ ಗೊತ್ತಿತ್ತು ಬಿಡ್ರಿ. ಯಾರರೆ ಒಬ್ಬರು ಹೇಳತಾರೇನು ಅಂತ ನೋಡತಿದ್ನಿ. ಇವತ್ತಿಂದು?"

ಇಲ್ಲಿ ಸುಳ್ಳು ಹೇಳಿಬಿಡೋಣ ಎನ್ನಿಸಿತು ಅಡಿವೆಪ್ಪನಿಗೆ. ನಾಲಿಗೆಯ ತುದಿಗೆ ಬಂದಿತ್ತು. ಅವನು ಹೇಳಲಿಲ್ಲ.

"ಇವತ್ತಿಂದು ಚಲೋ ಐತ್ರಿ. ಕಣ್ಣು ಮುಚ್ಚಬ್ಯಾಡ್ರಿ ಅನ್ನೂ ಸಾಲು ಓದಿ ಮೈ ಝುಂ ಅಂತು. ನಾ ಈ ಜನ್ಮದಾಗ ಅಂಥಾದು ಬರಿಯೂದಿಲ್ಲ."

"ಹೌದೇನು?" ಹೊತ್ತ ಭಾರವನ್ನು ಕೆಳಗಿಳಿಸಿದವನ ದನಿ ಅದು. "ಒಂದರೆ ಆತಲ್ಲ. ಸಾಕು ಹಂಗಾರ. ಪುಣ್ಯ ಬರಲಿ ನಿಮಗ. ಇಡತೀನಿ."

ಅಜ್ಜ ತಟ್ಟನೆ ಈ ಕಡೆ ತಿರುಗಿದರು.

"ಇಡಬ್ಯಾಡ್ರಿ," ಎಂದ ಅಡಿವೆಪ್ಪ. "ಒಂದು ಸಾಲು ಸುಳ್ಳೈತಿ."

"ಯಾವುದು?"

"ಕಡೀದು. ಯಾರೂ ನೋಡಲಿಲ್ಲ ಅನ್ನೂದು."

ಅತ್ತಣ ದನಿ ಗಟ್ಟಿಯಾಯಿತು. "ತಮ್ಮಾ, ನಲವತ್ತು ವರ್ಷ ನಾ ಕ್ಯಾಮೆರಾ ಹಿಂದ ನಿಂತೀನಿ. ಅದು ಖರೇನೋ ಸುಳ್ಳೋ ನನಗ ಗೊತ್ತು. ನಿಂಗೇನು ಗೊತ್ತು?"

"ನೀವ ಬರದೀರಲ್ರಿ. ಹೋದ ಗಣಪತಿ ಹಬ್ಬದಾಗ. ನಿಮ್ಮ ಮನಿಯವರು ಒಮ್ಮೆ ಕ್ಯಾಮೆರಾ ಹಿಡಕೊಂಡು ನಿಮ್ಮ ಫೋಟೋ ತಗದ್ರು ಅಂತ. ಚೌಕಟ್ಟಿನಾಗ ತಲಿ ಬರಲಿಲ್ಲ, ಎದಿ ಮತ್ತ ಎರಡು ಕೈ ಅಷ್ಟ ಬಂದಿತ್ತು ಅಂತ. ನೀವು ಬೈದ್ರಿ, ಒಂದು ರೋಲ್ ಹಾಳ ಮಾಡಿದಿ ಅಂತ. ಅವರು ಆ ಫೋಟೋ ದೇವರ ಗೂಡಿನಾಗ ಇಟ್ಟಾರ."

ಅಡಿವೆಪ್ಪ ಅಲ್ಲಿಗೆ ನಿಲ್ಲಿಸಲಿಲ್ಲ.

"ತಲಿ ಇಲ್ಲದ ಫೋಟೋ ಯಾಕ ಇಟ್ಟಿ ಅಂತ ನೀವು ಕೇಳಿದ್ರಿ. ಫೋಟೋ ತೊಳೆಯೂ ಔಷಧಿ ತಾಗಿ ಕಪ್ಪಾದ ಬೆರಳು ಐತಲ್ಲ, ನನಗ ಗುರುತು ಸಿಗತೈತಿ ಅಂದ್ರು ಅಂತ ಬರದೀರಿ. ನಾ ಅದನ್ನ ಈಗ ಅರ್ಧ ತಾಸಿನ ಹಿಂದ ಓದೀನ್ರಿ."

"ಅದು ಬ್ಯಾರೆ."

"ಹೆಂಗ ಬ್ಯಾರೆ, ಹೇಳ್ರಿ."

ಫೋನಿನೊಳಗಿಂದ ತಗಡು ಬಡಿಯುವ ಸದ್ದು ಬಂತು. ಯಾರೋ ಹೊರಗಿನಿಂದ ಷಟರು ಬಡಿಯುತ್ತಿದ್ದರು. ಒಬ್ಬ ಹೆಂಗಸಿನ ದನಿ, ಬರೀ ಒಂದು ಮಾತು, ಮತ್ತೆ ಮತ್ತೆ. "ಏನ್ರೀ. ಏನ್ರೀ."

"ಹೊರಗ ಯಾರನ್ನ ಕಳಸೀರಿ?"

"ಫೋಟೋ ತಗದವರು ಇರಬೇಕ್ರಿ."

ಬಡಿತ ನಿಂತಿತು. ಮತ್ತೆ ಶುರುವಾಯಿತು. ಅಡಿವೆಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಇನ್ನೇನು ಹೇಳಬೇಕೋ ಅವನಿಗೆ ಹೊಳೆಯಲಿಲ್ಲ. ಹೇಳುವುದು ಮುಗಿದಿತ್ತು.

"ಆ ಸಾಲು ತಗದ್ರ," ಎಂದಿತು ದನಿ ನಿಧಾನವಾಗಿ, "ಪದ್ಯ ನಿಲ್ಲೂದಿಲ್ಲ."

"ನಿಲ್ಲೂದಿಲ್ರಿ."

"ಬ್ಯಾರೆ ಸಾಲು ಹಾಕಿದ್ರ?"

ಅಡಿವೆಪ್ಪ ಯೋಚಿಸಿದ. ನಿಜವಾಗಿ ಯೋಚಿಸಿದ. "ಇಲ್ರಿ. ಎಲ್ಲಾ ಸಾಲೂ ಅದನ್ನ ನಂಬಿಕೊಂಡ ನಿಂತಾವು."

ಅತ್ತ ಸ್ಟೂಲೋ ಏನೋ ಸರಿದ ಸದ್ದು. ಹೆಜ್ಜೆ. ಕಬ್ಬಿಣದ ಕೊಂಡಿ ಕಳಚಿದ್ದು. ಷಟರು ಕಿರ್ರೆಂದು ಮೇಲೇರಿತು. ಒಮ್ಮೆಗೇ ರಸ್ತೆಯ ಗದ್ದಲ, ಹೆಂಗಸಿನ ಅಳು. ಫೋನು ಕಟ್ಟಾಯಿತು.

ಅಡಿವೆಪ್ಪ ಫೋನನ್ನು ಮೆಟ್ಟಿಲ ಮೇಲೆ ಇಟ್ಟ.

ಸ್ವಲ್ಪ ಹೊತ್ತಿಗೆ ಅಜ್ಜನ ಫೋನು ರಿಂಗಾಯಿತು. ದಾವಲಸಾಬ.

"ಹೊರಗ ಬಂದಾರ್ರಿ ಅಜ್ಜಾರ. ನಮ್ಮ ಅಂಗಡ್ಯಾಗ ಕುಂದ್ರಿಸೀನಿ. ಚಹಾ ಕುಡ್ಯಾಕತ್ತಾರ. ಮನಿಯವರು ಅವರ ಅಂಗಿ ಹಿಡಕೊಂಡು ಕುಂತಾರ, ಬಿಡವಲ್ಲರು."

"ಬಿಡೂದು ಬ್ಯಾಡ. ಇವತ್ತ ಧಾರವಾಡಕ್ಕ ಡಾಕ್ಟರ ಹತ್ರ ಕರಕೊಂಡು ಹೋಗ್ರಿ. ಒಬ್ಬರನ್ನ ಬಿಡಬ್ಯಾಡ್ರಿ."

"ನಾನ ಹೋಗತೀನ್ರಿ ಗಾಡಿ ಮಾಡಕೊಂಡು."

ಅಜ್ಜ ಫೋನನ್ನು ಸೊಂಟಕ್ಕೆ ಸಿಕ್ಕಿಸಿದರು. ಅವರ ಪಂಚೆ ಮೈಮೇಲೆಯೇ ಒಣಗಿತ್ತು.

ಅಡಿವೆಪ್ಪ ಬಳಗವನ್ನು ತೆರೆದ. ತಾನು ಬರೆದ ಮೂರು ಗುಲಾಬಿಗಳನ್ನಾದರೂ ಅಳಿಸೋಣ ಎಂದು ಮೇಲೆ ಕೆಳಗೆ ಹುಡುಕಿದ. ಮತ್ತೆ ಹುಡುಕಿದ.

"ಅಜ್ಜಾರ, ಪದ್ಯ ಇಲ್ಲ. ತಗದುಬಿಟ್ಟಾರ."

"ಹೂಂ."

"ಬಳಗದಾಗ ಇಷ್ಟು ವರ್ಷದಾಗ ಬಂದ ಪದ್ಯದಾಗ ಅದೊಂದ ಖರೇ ಪದ್ಯ ಇತ್ರಿ."

"ಹೂಂ."

"ನನಗ ಬಾಯಿಪಾಠ ಆಗೇತಿ. ಬರದು ಇಡಲೇನ್ರಿ?"

"ಮರತುಬಿಡು."

"ಅಂಥಾ ಪದ್ಯ ಅವರ ಕೈಯಿಂದ ಮತ್ತ ಬರೂದಿಲ್ರಿ. ನೀವೂ ಕೇಳಿದ್ರಲ್ಲ."

"ಕೇಳೀನಿ. ಬರೂದಿಲ್ಲ."

"ಮತ್ತ ಯಾಕ ಮರೀಬೇಕ್ರಿ?"

ಅಜ್ಜ ಎದ್ದು ನಿಂತರು.

"ಷಟರಿನ ಒಳಗ ಕುಂತಾಗ ಬೆಲಿ ಬಾಳೂದು ಅಂತ ಅವರ ಹತ್ರ ಆ ಪದ್ಯ ಒಂದ ಇತ್ತು. ಅದನ್ನ ಕೊಟ್ಟು ಜೀವ ಉಳಿಸಿಕೊಂಡು ಹೊರಗ ಬಂದಾರ."