ಹಡಗಿನ ಹಗ್ಗ ಮತ್ತು ಹೊಸ ವಿಮಾನ

ನೆಲದ ಗುರಿಗಳ ಮೇಲೆ ದಾಳಿ ಮಾಡುವ ಯುದ್ಧವಿಮಾನವೊಂದು ಮೊದಲ ಸಲ ಹಡಗಿನ ಮೇಲೆ ಇಳಿಯಬೇಕಿತ್ತು. ಹಡಗಿನ ಅಂಗಳ ಗಿಡ್ಡ. ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಕ್ಕೆ ಬಾಲದ ಕೊಕ್ಕೆ ಸಿಕ್ಕಿದರಷ್ಟೇ ನಿಲ್ಲಲು ಸಾಧ್ಯ.

"ಮಗಾ, ಚಕ್ರ ತಾಗಿದೊಡನೆ ಎಂಜಿನ್ನಿಗೆ ಪೂರ್ತಿ ಬಲ ಕೊಡು," ಎಂದಿತು ಮುದಿ ಹಗ್ಗ.

"ಮನೆಗೆ ಬಂದವನು ಹೊರಟವನಂತೆ ಅಬ್ಬರಿಸುವುದೇ, ಅಜ್ಜಿ? ನಿಮ್ಮ ಮೇಲೆ ನನಗೆ ನಂಬಿಕೆಯಿದೆ."

"ನನ್ನ ಮೇಲೆ ನನಗೇ ಅಷ್ಟಿಲ್ಲ. ಹೇಳಿದ್ದು ಕೇಳು."

ವಿಮಾನ ಗೊಣಗುತ್ತಲೇ ಹೇಳಿದಂತೆ ಮಾಡಿತು. ಕೊಕ್ಕೆ ಹಗ್ಗದ ಮೇಲೆ ಪುಟಿದು ತಪ್ಪಿತು. ಅಂಗಳ ಮುಗಿದು ಕೆಳಗೆ ಕಡಲು ಕಂಡಿತು. ಆದರೆ ಎಂಜಿನ್ನಿನ ಆ ಬಲವೇ ಅದನ್ನು ಮತ್ತೆ ಮೇಲಕ್ಕೆತ್ತಿತು.

ಎರಡನೆಯ ಸಲ ಹಗ್ಗ ಗಟ್ಟಿಯಾಗಿ ಹಿಡಿಯಿತು. ನಿಂತ ಮೇಲೂ ವಿಮಾನ ಅಬ್ಬರಿಸುತ್ತಲೇ ಇತ್ತು.

"ಸಾಕು ಮಾರಾಯ, ಬಂದು ಸೇರಿದ್ದೀಯ," ಎಂದಿತು ಹಗ್ಗ. "ಇನ್ನು ಸುಮ್ಮನಾಗು."